ಮೆಹರಾಜ್ ಬೇಗಂ ಬರೆಸದ ಸಾಲುಗಳು

ಓದಲು ದೂರ ಹೋದ ಮಗ ರಜೆಯಿಲ್ಲದ ದಿನ ಮನೆಗೆ ಬಂದು ನಿಂತರೆ ತಾಯಿಗೆ ಮೊದಲು ಸಂತೋಷವಾಗುತ್ತದೆ, ಆಮೇಲೆ ಭಯವಾಗುತ್ತದೆ. ಮೆಹರಾಜ್ ಬೇಗಂಗೆ ಎರಡೂ ಒಟ್ಟೊಟ್ಟಿಗೇ ಆದವು.

ಸಾವಿರದ ಒಂಬೈನೂರ ನಲವತ್ತೈದನೇ ಇಸವಿ, ಫೆಬ್ರವರಿ ತಿಂಗಳು. ಯುದ್ಧದ ಕಾಲ. ಪೆಟ್ರೋಲ್ ಸಿಗದೆ ಇದ್ದಿಲಿನ ಗ್ಯಾಸಿನ ಮೇಲೆ ಕೆಮ್ಮುತ್ತ ಓಡುತ್ತಿದ್ದ ಶಿವಮೊಗ್ಗದ ಬಸ್ಸು ಚನ್ನಗಿರಿ ಮುಟ್ಟುವಾಗ ಹೊತ್ತು ಇಳಿದಿತ್ತು. ಅದರಿಂದ ತಗಡಿನ ಟ್ರಂಕು ಹಿಡಿದು ಇಳಿದ ಶೌಕತ್ ಅಲಿ ಪೇಟೆ ಬೀದಿಯಲ್ಲಿ ಬರಲಿಲ್ಲ. ಹಿಂದಿನ ಓಣಿಯಲ್ಲಿ ಗೋಡೆ ಸವರಿಕೊಂಡು ತಲೆ ತಗ್ಗಿಸಿ ಬಂದ. ಮೈಸೂರಿನಲ್ಲಿ ಸೀನಿಯರ್ ಇಂಟರ್‌ಮೀಡಿಯೇಟ್ ಓದುವ ಹುಡುಗ. ಆ ಓಣಿಯಿಂದ ಕಾಲೇಜು ಕಂಡವನು ಅವನೊಬ್ಬನೇ. ಮಾರ್ಚಿನಲ್ಲಿ ದೊಡ್ಡ ಪರೀಕ್ಷೆ.

"ಏನೋ ಬೇಟಾ, ರಜಾ ಕೊಟ್ರಾ?" ಅಂದಳು ಮೆಹರಾಜ್.

"ಹೂಂ ಅಮ್ಮೀ."

ಅಷ್ಟೇ. ಟ್ರಂಕನ್ನು ಮಂಚದ ಕೆಳಗೆ ತಳ್ಳಿ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟ.

ಅವನ ಅಪ್ಪ ಗೌಸ್‌ಪೀರ್ ಕಲಾಯಿ ಹಾಕುವವನು. ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಒಳಗೆ ತವರ ಬಳಿದು ಬೆಳ್ಳಗೆ ಮಾಡಿಕೊಡುವ ಕಸುಬು. ಇದ್ದಿಲ ಒಲೆಗೆ ಗಾಳಿ ಊದುವ ತಿದಿ ಹೆಗಲಿಗೇರಿಸಿಕೊಂಡು ತ್ಯಾವಣಿಗೆ, ಕತ್ತಲಗೆರೆ ಅಂತ ಊರೂರು ಸುತ್ತುವವನು, ದಿನವಿಡೀ ಆ ಒಲೆಯ ಹೊಗೆಯಲ್ಲೇ ಕೂರುವವನು. ಅವತ್ತು ಸಂಜೆ ಮನೆಗೆ ಬಂದು ಮಲಗಿದ್ದ ಮಗನನ್ನು ನೋಡಿ ಸುಮ್ಮನಾದ. ಮಾರನೇ ದಿನವೂ ಹುಡುಗ ಏಳದಿದ್ದಾಗ ಕೇಳಿದ. ಕಾಲೇಜಿಗೆ ಹೇಳದೆ ಬಂದಿದ್ದಾನೆ ಅನ್ನುವುದು ಗೊತ್ತಾಯಿತು.

"ಸೋಮವಾರದ ಬಸ್ಸಿಗೆ ಹತ್ತಿಸ್ತೀನಿ," ಅಂದ ಗೌಸ್‌ಪೀರ್. "ಮೈಯಾಗೆ ಜ್ವರ ಇಲ್ಲ, ಕೈಕಾಲು ನೆಟ್ಟಗವೆ. ಇದೆಂಥ ಕಾಯ್ಲೆ?"

ಆ ಮಾತಿಗೆ ಹುಡುಗ ಗೋಡೆಯ ಕಡೆಗೇ ಇನ್ನೊಂದಿಷ್ಟು ಮುದುಡಿದ. ಅದನ್ನು ಮೆಹರಾಜ್ ಮಾತ್ರ ನೋಡಿದಳು. ಅವತ್ತು ಶುಕ್ರವಾರ. ಸೋಮವಾರಕ್ಕೆ ನಡುವೆ ಎರಡೇ ದಿನ. ಈ ಸ್ಥಿತಿಯಲ್ಲಿ ಮಗನನ್ನು ಕಳಿಸಿದರೆ ಅವನು ಮೈಸೂರು ಮುಟ್ಟುತ್ತಾನೋ ಇಲ್ಲವೋ ಅನ್ನುವ ದಿಗಿಲು ಅವಳಿಗೆ ಹತ್ತಿತು. ಯಾಕೆ ಅಂತ ಕೇಳಿದರೆ ಅವಳಿಗೇ ಹೇಳಲು ಬರುತ್ತಿರಲಿಲ್ಲ.

ಸುದ್ದಿ ಓಣಿಯಲ್ಲಿ ನಿಲ್ಲುತ್ತದೆಯೇ? ಪಕ್ಕದ ಮನೆಯ ದುರುಗಕ್ಕ ಹರಳೆಣ್ಣೆ ಬಟ್ಟಲು ಹಿಡಿದೇ ಬಂದಳು.

"ಓದಿ ಓದಿ ನೆತ್ತಿ ಕಾದೈತೆ ಬೂಬಮ್ಮ. ತಟ್ಟು ಎಣ್ಣೇನ. ಇಲ್ಲಾಂದ್ರೆ ದಾರಿಯಾಗೆ ಏನಾರ ಗಾಳಿ ಸೋಕಿರ್ಬೇಕು. ಒಂದು ನಿಂಬೆಹಣ್ಣು ಇಳಿ ತೆಗಿ."

ಎಣ್ಣೆ ತಟ್ಟಿದ್ದಾಯಿತು. ದರ್ಗಾದಿಂದ ತಾಯತ ತಂದು ಕಟ್ಟಿದ್ದಾಯಿತು. ಹುಡುಗ ಎಲ್ಲಕ್ಕೂ ಕೈ ಒಡ್ಡಿದ, ತಲೆ ಒಡ್ಡಿದ, ಬೇಡ ಅನ್ನಲಿಲ್ಲ. ಬಾಗಿಲಲ್ಲಿ ಯಾರಾದರೂ ಅವನ ಹೆಸರು ಕೂಗಿದರೆ ಮಾತ್ರ ಬೆಚ್ಚಿ ಬೀಳುತ್ತಿದ್ದ.

ಮೂಲೆಯ ಕಿರಾಣಿ ಅಂಗಡಿಯ ಹಾಲೇಶಪ್ಪನದು ಬೇರೆ ತೀರ್ಪು. "ಮೈಗಳ್ಳತನ ಕಣೋ ಪೀರಣ್ಣ. ಪರೀಕ್ಷೆ ಹತ್ರ ಬಂತಲ್ಲ. ನೀನು ಮೆತ್ತಗಾಗ್ಬೇಡ."

ಹಾಲೇಶಪ್ಪ ಕೆಟ್ಟವನಲ್ಲ. ಆ ಓಣಿಗೆ ಬರುವ ಕಾಗದಗಳನ್ನೆಲ್ಲ ಓದಿ ಹೇಳುವವನೂ ಅವನೇ, ಉತ್ತರ ಬರೆದುಕೊಡುವವನೂ ಅವನೇ. ಒಂದು ಕಾಸು ಇಸಿದುಕೊಂಡವನಲ್ಲ. ಶೌಕತ್‌ನ ಕಾರ್ಡು ಬಂತೆಂದರೆ ಅಂಚೆಯವನು ನೇರ ಅಂಗಡಿ ಜಗಲಿಗೇ ಕೊಡುತ್ತಿದ್ದ. ಹಾಲೇಶಪ್ಪ ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, ಬೆಲ್ಲ ಕೊಳ್ಳಲು ಬಂದವರಿಗೂ ಕೇಳುವ ಹಾಗೆ ಓದುತ್ತಿದ್ದ. "ನಾನು ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯಿರಿ. ಪಾಠಗಳು ಚೆನ್ನಾಗಿ ನಡೆಯುತ್ತಿವೆ." ಜಗಲಿಯಲ್ಲಿ ಕೂತವರೆಲ್ಲ ತಮ್ಮ ಮಗನೇ ಬರೆದಷ್ಟು ಹಿಗ್ಗುತ್ತಿದ್ದರು. ವಾರಕ್ಕೊಂದು ಉತ್ತರ ಹೋಗುತ್ತಿತ್ತು. ಒಂದು ಮುಖದಲ್ಲಿ ವಿಳಾಸ, ಇನ್ನೊಂದು ಮುಖದ ತುಂಬ ಬರಹ. ಯುದ್ಧದ ಕಾಲದಲ್ಲಿ ಕಾರ್ಡಿನ ಒಂದು ಬೆರಳು ಜಾಗವನ್ನೂ ಹಾಳುಮಾಡಬಾರದು ಎನ್ನುವುದು ಜಗಲಿಯ ಕಟ್ಟಳೆ. ಮೆಹರಾಜ್ ಹೇಳುವುದನ್ನು ಹೇಳಿ ಮನೆಗೆ ಬಂದ ಮೇಲೆ, ಉಳಿದ ಜಾಗದಲ್ಲಿ ಅಲ್ಲಿ ಕೂತವರು ಒಬ್ಬೊಬ್ಬರು ಒಂದೊಂದು ಸಾಲು ಸೇರಿಸುತ್ತಿದ್ದರು.

ಶುಕ್ರವಾರ ಸಂಜೆ ಶಿವಗಂಗಮ್ಮ ಒಂದು ತಾಮ್ರದ ಕೊಳಗ ಕಲಾಯಿಗೆ ಕೊಡಲು ಬಂದಳು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ನರ್ಸಮ್ಮ. ಓಣಿಯ ಅರ್ಧ ಮಕ್ಕಳ ಮೊದಲ ಅಳು ಕೇಳಿದವಳು, ಶೌಕತ್‌ನದೂ ಸೇರಿ. ಒಳಗೆ ಮಂಚದ ಮೇಲೆ ಗೋಡೆಗೆ ತಿರುಗಿದ್ದ ಬೆನ್ನು ನೋಡಿ ಕೊಳಗ ಕೆಳಗಿಟ್ಟಳು. ಮೆಹರಾಜಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು.

"ನಿದ್ದೆ ಮಾಡ್ತಾನಾ?"

"ಎಲ್ಲೈತಕ್ಕ ನಿದ್ದೆ? ನಾನು ಯಾವಾಗ ನೋಡಿದ್ರೂ ಕಣ್ಣು ಬಿಟ್ಕೊಂಡೇ ಇರ್ತಾನೆ."

"ಊಟ?"

"ಸೂಳೆಕೆರೆ ಮೀನು ತರಿಸಿ ಸಾರು ಮಾಡಿದ್ದೆ. ಮೊದ್ಲಾದ್ರೆ ವಾಸನೆಗೇ ಎದ್ದು ಬಂದು ಒಲೆ ಮುಂದೆ ಕೂರೋನು. ಈಗ ತಿರುಗೂ ನೋಡ್ಲಿಲ್ಲ."

"ಎಷ್ಟು ದಿನದಿಂದ ಹಿಂಗೆ?"

"ನಮಗೆ ಹೆಂಗೆ ಗೊತ್ತಾಗ್ಬೇಕು? ಕಾರ್ಡಿನಾಗೆ ಕ್ಷೇಮ ಅಂತಾನೇ ಬರೀತಿದ್ದ."

ಮೆಹರಾಜ್ ತಡೆಯಲಾರದೆ ಕೇಳಿಬಿಟ್ಟಳು. "ಅಕ್ಕ, ಹುಚ್ಚು ಹಿಡೀತಾ ನನ್ನ ಮಗನಿಗೆ?"

"ಹುಚ್ಚೂ ಅಲ್ಲ, ಗಾಳಿನೂ ಅಲ್ಲ. ಹಾಲೇಶಪ್ಪ ಹೇಳೋ ಮೈಗಳ್ಳತನ ಅಂತೂ ಅಲ್ವೇ ಅಲ್ಲ. ಹೊಲದಾಗೆ ದುಡಿದು ಬಂದೋನಿಗೆ ಮೈ ದಣಿತೈತಾ ಇಲ್ವಾ? ಮನಸ್ಸಿಗೂ ಹಂಗೇ. ಮೈ ದಣಿದ್ರೆ ನೀನು ಬಿಸಿನೀರು ಕಾಸ್ತೀಯ. ಮನಸ್ಸು ದಣಿದ್ರೆ ಬೈತೀರ."

"ನಾನು ಬೈದಿಲ್ಲಕ್ಕ."

"ನೀನು ಬೈದೆ ಅಂದ್ನಾ? ಕೇಳಿಲ್ಲಿ. ಬೆಂಗ್ಳೂರಾಗೆ ನಾನು ಕೆಲ್ಸ ಕಲಿಯುವಾಗ ನನ್ನ ಜೊತೆ ಒಬ್ಳು ಹುಡ್ಗಿ ಇದ್ಲು. ಕ್ಲಾಸಿಗೇ ಚುರುಕು. ಪರೀಕ್ಷೆ ಹತ್ರ ಬಂದಂಗೆ ಪುಸ್ತಕ ತೆಗೆದ್ರೆ ಅಕ್ಷರ ಇರುವೆ ಥರ ಹರಿದಾಡ್ತವೆ ಅನ್ನೋಳು. ಅನ್ನ ಸೇರದು, ನಿದ್ದೆ ಬಾರದು. ನಾಟಕ ಮಾಡ್ತಾಳೆ ಅಂದ್ರು ಎಲ್ಲರೂ. ನಾನೂ ಅಂದೆ, ಸುಳ್ಳು ಯಾಕೆ ಹೇಳ್ಲಿ. ಒಬ್ರು ಡಾಕ್ಟರು ಮಾತ್ರ ಕೂರಿಸ್ಕೊಂಡು ಕೇಳಿದ್ರು. ರಜಾ ಕೊಡ್ಸಿ ಊರಿಗೆ ಕಳ್ಸಿದ್ರು. ನಾಲ್ಕು ತಿಂಗ್ಳಿಗೆ ಬಂದು ಪರೀಕ್ಷೆ ಕೊಟ್ಲು. ಈಗ ಹೊನ್ನಾಳಿ ಕಡೆ ಅದಾಳೆ, ನನಗಿಂತ ಚೆಂದ ಹೆರಿಗೆ ಮಾಡಿಸ್ತಾಳೆ."

ಮೆಹರಾಜಳ ಉಸಿರು ಒಂದಿಷ್ಟು ಸಡಿಲವಾಯಿತು. "ನಾನೀಗ ಏನು ಮಾಡ್ಲಿ?"

"ತಾಯತ ಕಟ್ಟಿದೀಯ, ಇರ್ಲಿ. ದುವಾ ಬೇಡ ಅಂತ ಯಾರೂ ಅನ್ನಲ್ಲ. ಅದ್ರ ಜೊತೆಗೆ ಅವ್ನ ಮಾತು ಕೇಳ್ಬೇಕು. ಎದುರಿಗೆ ಕೂರಿಸ್ಕೊಂಡು ವಕೀಲರ ಥರ ಕೇಳ್ಬೇಡ. ಕೈಗೆ ಏನಾರ ಕೆಲ್ಸ ಕೊಡು, ಪಕ್ಕದಾಗೆ ನೀನೂ ಕೆಲ್ಸ ಮಾಡ್ತಾ ಇರು. ಅವ್ನು ಸುಮ್ನಿದ್ರೆ ನೀನೂ ಸುಮ್ನಿರು. ಮಾತು ಹೊರಟಾಗ ನಡುವೆ ಬಾಯಿ ಹಾಕ್ಬೇಡ, ಬುದ್ಧಿ ಹೇಳ್ಬೇಡ. ಒಂದು ಮಾತು ಮಾತ್ರ ಬಾಯಿಬಿಟ್ಟು ಕೇಳು. ಜೀವ ಬ್ಯಾಡ ಅನ್ನಿಸ್ತೈತಾ ಅಂತ."

ಮೆಹರಾಜ್ ಎರಡೂ ಕಿವಿ ಮುಟ್ಟಿಕೊಂಡಳು. "ತೋಬಾ, ಹಂಗೆ ಕೇಳಿದ್ರೆ ಇಲ್ಲದ್ದು ತಲೆಗೆ ಹೋಗಲ್ವಾ ಅಕ್ಕ?"

"ಹೋಗಲ್ಲ. ಒಳಗೆ ಇದ್ರೆ ಹೊರಗೆ ಬರ್ತೈತೆ. ಇಲ್ಲಾಂದ್ರೆ ಇಲ್ಲ ಅಂತಾನೆ. ಕೇಳಿ ಯಾರೂ ಕೆಟ್ಟಿಲ್ಲ. ಕೇಳ್ದೆ ಕೆಟ್ಟಿದ್ದು ನಾನು ಕಂಡೀನಿ."

ಶನಿವಾರ ಬೆಳಿಗ್ಗೆ ಗೌಸ್‌ಪೀರ್ ಕತ್ತಲಗೆರೆಗೆ ಹೋದ. ಮದುವೆ ಮನೆಯವರ ಒಂದು ದೊಡ್ಡ ಕೊಪ್ಪರಿಗೆ ಅಂಗಳದ ಗೋಡೆ ಪಕ್ಕ ಇತ್ತು. ಕಲಾಯಿ ಹಾಕುವ ಮೊದಲು ಅಂಥ ಪಾತ್ರೆಯ ಒಳಗನ್ನು ಮರಳು, ಹುಣಿಸೆಹಣ್ಣು ಹಾಕಿ ತಿಕ್ಕಬೇಕು. ಕೈಗೆ ಆಗುವ ಕೆಲಸವಲ್ಲ. ಒಳಗೆ ಇಳಿದು ನಿಂತು, ಗೋಡೆ ಹಿಡಿದುಕೊಂಡು, ಸೊಂಟ ತಿರುಗಿಸಿ ತಿರುಗಿಸಿ ಪಾದದಿಂದ ಉಜ್ಜಬೇಕು. ನೋಡುವವರಿಗೆ ಕುಣಿದ ಹಾಗೆ ಕಾಣುತ್ತದೆ. ಶೌಕತ್ ಹುಡುಗನಾಗಿದ್ದಾಗ ಈ ಕೆಲಸಕ್ಕೆ ಜಗಳ ಮಾಡಿಕೊಂಡು ಇಳಿಯುತ್ತಿದ್ದ.

"ಬೇಟಾ, ನನ್ನ ಮಂಡಿ ಕೇಳಲ್ಲ ಅಂತೈತೆ. ಒಂದಿಷ್ಟು ತಿಕ್ಕಿಕೊಡು ಬಾ."

ಅವನು ಎದ್ದ. ಪೈಜಾಮ ಮಡಚಿ ಕೊಪ್ಪರಿಗೆಗೆ ಇಳಿದ. ಗೋಡೆಗೆ ಎರಡೂ ಕೈ ಕೊಟ್ಟು, ತಾಯಿಗೆ ಬೆನ್ನು ಮಾಡಿ, ಆ ಕಡೆ ಈ ಕಡೆ ತಿರುಗತೊಡಗಿದ. ಮೆಹರಾಜ್ ಹತ್ತಿರವೇ ಕೂತು ತಟ್ಟೆಗಳನ್ನು ಬೂದಿಯಲ್ಲಿ ಉಜ್ಜುತ್ತಿದ್ದಳು. ಮರಳು ಕರಕರ ಅನ್ನುತ್ತಿತ್ತು. ಅವಳ ನಾಲಿಗೆ ತುದಿಗೆ ನೂರು ಮಾತು ಬಂದವು. ಶಿವಗಂಗಮ್ಮ ಹೇಳಿದ್ದನ್ನು ನೆನೆಸಿಕೊಂಡು ನುಂಗಿದಳು. ಐದು ತಟ್ಟೆ ಮುಗಿದವು, ಆರನೆಯದಕ್ಕೆ ಕೈ ಹಾಕಿದಳು.

"ಅಮ್ಮೀ," ಅಂದ ಅವನು, ಗೋಡೆಯ ಕಡೆಗೇ. "ನನ್ನ ಸೋಮವಾರ ಕಳಿಸ್ತೀರಾ?"

"ನಿಂಗೆ ಹೋಗಾಕೆ ಮನಸ್ಸಿಲ್ವಾ?"

"ಅಲ್ಲಿ ನಂಗೆ ಏನೂ ತಲೆಗೆ ಹೋಗಲ್ಲ. ಮೊದ್ಲ ವರ್ಷ ಹೆಂಗೋ ಕಂಠಪಾಠ ಮಾಡಿ ಪಾಸಾದೆ. ಈ ವರ್ಷ ಆಗಲ್ಲ. ಇಂಗ್ಲಿಷಿನಾಗೆ ಓಡಿಸ್ಕೊಂಡು ಹೋಗ್ತಾರೆ. ನಾನು ಒಂದು ಸಾಲು ಬರ್ಕೊಳ್ಳೋ ಹೊತ್ತಿಗೆ ಬೋರ್ಡು ಒರೆಸಿರ್ತಾರೆ. ಡಿಸೆಂಬರ್ ಪರೀಕ್ಷೆಯಾಗೆ ಎರಡ್ರಾಗೆ ನಪಾಸು. ಆವತ್ತಿಂದ ಮಲಗಿದ್ರೆ ಎದೆ ಡವಡವ ಅಂತೈತೆ. ಪುಸ್ತಕ ತೆಗೆದ್ರೆ ಕೈ ನಡುಗ್ತವೆ."

ಕರಕರ ಸದ್ದು ನಿಂತು, ಮತ್ತೆ ಶುರುವಾಯಿತು. ಮೆಹರಾಜ್ ತಟ್ಟೆ ಕೆಳಗಿಟ್ಟಳು. ಕೇಳಲು ಬಾಯಿ ಬರುತ್ತಿರಲಿಲ್ಲ. ಆದರೂ ಕೇಳಿದಳು.

"ಬೇಟಾ, ಜೀವ ಬ್ಯಾಡ ಅನ್ನಿಸ್ತಾ?"

ಅವನ ಕಾಲು ನಿಂತವು. ಬೆನ್ನು ಮಾತ್ರ ಏರಿಳಿಯುತ್ತಿತ್ತು. ಆಮೇಲೆ ಹೇಳಿದ, "ಒಂದೆರಡು ಸಲ ಅನ್ನಿಸ್ತು. ಅದಕ್ಕೇ ಹೆದ್ರಿಕೊಂಡು ಬಂದ್ಬಿಟ್ಟೆ."

ಅವಳು ಕಿರುಚಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಎದ್ದು ಹೋಗಿ ಬೂದಿಗೈಯಲ್ಲೇ ಅವನ ಅಂಗಿ ಹಿಡಿದುಕೊಂಡಳು. "ಬಂದಿದ್ದು ಒಳ್ಳೇದಾತು. ಭಾಳ ಒಳ್ಳೇದಾತು."

"ನೀನು ಬೈತೀಯ ಅಂತಿದ್ದೆ. ಬಾಗ್ಲು ತೆಗಿಯಲ್ಲ ಅಂತ ಬರ್ಸಿದ್ಯಲ್ಲ."

"ನಾನಾ? ಏನು ಬರ್ಸಿದ್ದೆ?"

ಶೌಕತ್ ಕೊಪ್ಪರಿಗೆಯಿಂದ ಹೊರಗೆ ಬಂದು, ಮರಳು ಮೆತ್ತಿದ ಕಾಲಲ್ಲೇ ಒಳಗೆ ಹೋಗಿ ಟ್ರಂಕು ತೆಗೆದ. ದಾರ ಸುತ್ತಿದ ಕಾರ್ಡುಗಳ ಕಟ್ಟು. ಎರಡು ವರ್ಷದ್ದು ಒಂದೂ ಬಿಡದೆ ಇಟ್ಟಿದ್ದ. ಹೊಸ್ತಿಲ ಮೇಲೆ ಕೂತು ಒಂದನ್ನು ತೆಗೆದು ಓದಿದ.

"ಚಿರಂಜೀವಿ ಶೌಕತ್ ಅಲಿಗೆ ನಿನ್ನ ತಾಯಿಯ ಆಶೀರ್ವಾದ. ಇಡೀ ಊರಿನ ಮಾನ ನಿನ್ನೊಬ್ಬನ ಮೇಲೆ ನಿಂತಿದೆ. ನೀನು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗದಿದ್ದಲ್ಲಿ ನಾನು ಬೀದಿಯಲ್ಲಿ ತಲೆಯೆತ್ತಿ ನಡೆಯಲಾರೆನು."

ಮೆಹರಾಜ್ ಕಣ್ಣು ಕಣ್ಣು ಬಿಟ್ಟಳು. "ಇದ್ಯಾವಾಗ ಬಂದಿದ್ದು?"

"ಹೋದ ದೀಪಾವಳಿ ಹೊತ್ತಿಗೆ."

"ಆವಾಗ ನಿಂಗೆ ನೆಗಡಿ ಆಗಿತ್ತಲ್ಲ. ಹೋಯ್ತಾ ಅಂತ ಕೇಳಿದ್ದೆ. ಕಂಬಳಿ ಸಾಲ್ತೈತಾ ಅಂತ ಕೇಳಿದ್ದೆ. ಮೆಣಸಿನ ಕಷಾಯ ಮಾಡ್ಕೊಡೋರು ಯಾರಾದ್ರೂ ಅದಾರಾ ಅಂತ ಬರೀರಿ ಅಂದಿದ್ದೆ. ಅದು ಎಲ್ಲೈತೆ?"

ಶೌಕತ್ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದ. ನೆಗಡಿ ಇರಲಿಲ್ಲ, ಕಂಬಳಿ ಇರಲಿಲ್ಲ. ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬೇರೆ ಏನೋ ಇತ್ತು. "ಮೂಕಪ್ಪನು ಬರೆಸಿದ್ದು: ನೀನು ಅಮಲ್ದಾರನಾಗಿ ಬಂದ ಕೂಡಲೇ ನಮ್ಮ ಕೆರೆ ಕೆಳಗಿನ ಹೊಲದ ತಕರಾರು ಮೊದಲು ತೆಗೆದುಕೊಳ್ಳುವುದು."

ಮತ್ತೊಂದು ತೆಗೆದ. ಅದು ಜನವರಿಯದು. "ನಪಾಸಾಗಿ ಬಂದವನಿಗೆ ತಾಯಿಯ ಮನೆಯ ಬಾಗಿಲು ತೆರೆಯದು ಎಂದು ತಿಳಿಯತಕ್ಕದ್ದು."

ಮೆಹರಾಜ್ ತಲೆಯೆತ್ತಿ ತಮ್ಮ ಬಾಗಿಲನ್ನು ನೋಡಿದಳು. "ಈ ಬಾಗ್ಲಾ? ಇದ್ರ ಅಗುಳಿ ಮುರಿದು ಎರಡು ವರ್ಷ ಆತು. ಬೆಕ್ಕು ಬಂದ್ರೂ ತೆಕ್ಕೊಂತೈತೆ. ನಿಂಗೆ ಹೆಂಗೆ ಹಾಕ್ಲಿ ನಾನು?"

ಶೌಕತ್ ಮೊದಲು ಮೂಗಿನಲ್ಲಿ ನಕ್ಕ. ಆಮೇಲೆ ಬಾಯಿ ತೆರೆದು ನಕ್ಕ. ನಗುತ್ತಲೇ ಅತ್ತುಬಿಟ್ಟ. ತಾಯಿ ಅವನ ಕಾಲಿನ ಮರಳು ಕೊಡವುತ್ತ ಕೂತಳು, ಸಾಕು ಅನ್ನಲಿಲ್ಲ.

"ಹಿಂಗೈತೆ ಅಂತ ಒಂದು ಕಾರ್ಡು ಹಾಕಬಾರ್ದಾಗಿತ್ತಾ?" ಅಂತ ಎಷ್ಟೋ ಹೊತ್ತಾದ ಮೇಲೆ ಕೇಳಿದಳು.

"ಹೆಂಗೆ ಹಾಕ್ಲಿ ಅಮ್ಮೀ? ನಿಂಗೆ ಬರೆದ್ರೆ ಜಗಲಿಗೆ ಬರ್ದಂಗೆ. ನಂಗೆ ಭಯ ಆಗ್ತೈತೆ ಅಂತ ಹಾಲೇಶಪ್ಪ ಬೆಲ್ಲ ತೂಗ್ತಾ ಓದ್ಬೇಕಿತ್ತಾ?"

ಭಾನುವಾರ ಸಂಜೆ ಶಿವಗಂಗಮ್ಮ ಕೊಳಗ ಒಯ್ಯಲು ಬರುವಷ್ಟರಲ್ಲಿ ಗಂಡ ಹೆಂಡತಿಗೆ ಒಂದು ಸುತ್ತು ಮಾತು ಆಗಿಹೋಗಿತ್ತು. ಗೌಸ್‌ಪೀರ್ ಅಂಗಳದಲ್ಲಿ ತಿದಿಯ ಪಕ್ಕ ಮುಖ ಗಂಟಿಕ್ಕಿ ಕೂತಿದ್ದ.

"ನೀವೇ ಹೇಳಿ ನರ್ಸಮ್ಮ. ಪರೀಕ್ಷೆಗೆ ಒಂದು ತಿಂಗಳೈತೆ. ಈಗ ಮನೆಯಾಗೆ ಕೂರಿಸ್ಕೊಂಡ್ರೆ ಒಂದು ವರ್ಷ ಹೋತು. ಪೇಟೆ ತುಂಬ ಏನಂತಾರೆ? ತಲೆ ಕೆಟ್ಟು ಬಂದ ಅಂತಾರೆ."

"ಅನ್ಲಿ. ವರ್ಷ ಹೋದ್ರೆ ಇನ್ನೊಂದು ವರ್ಷ ಬರ್ತೈತೆ ಪೀರಣ್ಣ. ಪರೀಕ್ಷೆ ಸೆಪ್ಟೆಂಬರಿನಾಗೂ ಐತೆ. ಹುಡ್ಗ ಹೋದ್ರೆ ಎಲ್ಲಿಂದ ತರ್ತೀರಿ?"

"ನಾವೇನು ಅವ್ನಿಗೆ ಕೇಡು ಬಯಸಿದ್ವಾ? ಹುರುಪು ಬರ್ಲಿ ಅಂತ ನಾಲ್ಕು ಒಳ್ಳೆ ಮಾತು ಬರೆಸಿದ್ವಿ."

ಮೆಹರಾಜ್ ಕಾರ್ಡುಗಳ ಕಟ್ಟು ತಂದುಕೊಟ್ಟಳು. ಶಿವಗಂಗಮ್ಮ ಅದನ್ನು ಬಿಚ್ಚಿ ತಿರುವಿ ನೋಡಿದಳು. ಈ ವರ್ಷದ ಕಾರ್ಡುಗಳನ್ನು ಬೇರೆ ಮಾಡಿ, ಬೇರೆ ಏನೂ ಓದದೆ, ಅಂಚಿನಲ್ಲಿದ್ದ ಒಂದೇ ಸಾಲನ್ನು ಒಂದಾದ ಮೇಲೊಂದು ಕಾರ್ಡಿನಿಂದ ಓದುತ್ತ ಹೋದಳು. "ನಿನ್ನ ತಂದೆ ಹೊಗೆ ಕುಡಿದು ನಿನ್ನನ್ನು ಓದಿಸುತ್ತಿದ್ದಾನೆ, ನೆನಪಿರಲಿ." ಮತ್ತೊಂದು ಕಾರ್ಡು. "ನಿನ್ನ ತಂದೆ ಹೊಗೆ ಕುಡಿದು." ಮತ್ತೊಂದು. "ನಿನ್ನ ತಂದೆ ಹೊಗೆ." ಏಳನೆಯದಕ್ಕೆ ಗೌಸ್‌ಪೀರ್ ಕೈ ಎತ್ತಿದ.

"ಸಾಕು ನರ್ಸಮ್ಮ. ಅದು ನಾನೇ ಹೇಳಿ ಬರೆಸಿದ್ದು."

ಶೌಕತ್ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ.

"ಅಬ್ಬಾ, ಅನ್ನದ ತಟ್ಟೆ ಮುಂದೆ ಕೂತ್ರೆ ನಿಮ್ಮ ಹೊಗೆ ಕಣ್ಣಿಗೆ ಬರ್ತಿತ್ತು. ನುಂಗಾಕೆ ಆಗ್ತಿರ್ಲಿಲ್ಲ."

ಗೌಸ್‌ಪೀರ್ ಬಹಳ ಹೊತ್ತು ತನ್ನ ಕಪ್ಪು ಬೆರಳುಗಳನ್ನೇ ನೋಡಿಕೊಂಡ. "ಈ ಹೊಗೆ ನಂಗೆ ಕಷ್ಟನೇ ಅಲ್ವೋ ಹುಡ್ಗ," ಅಂದ ಕೊನೆಗೆ. "ನಮ್ಮಪ್ಪನೂ ಕುಡಿದಿದ್ದ. ಮಾತಿಗೆ ಅಂತ ಬರೆಸಿದ್ದು."

ಅಷ್ಟರಲ್ಲಿ ಹಾಲೇಶಪ್ಪನೇ ಬಂದ. "ನಾಳೆ ಬಸ್ಸಿನಾಗೆ ಮುಂದಿನ ಸೀಟು ಹೇಳಿದೀನಿ ಪೀರಣ್ಣ," ಅನ್ನುತ್ತಲೇ ಒಳಗೆ ಬಂದವನು ಎಲ್ಲರ ಮುಖ ನೋಡಿ ನಿಂತ. ಮೆಹರಾಜ್ ಜನವರಿಯ ಕಾರ್ಡನ್ನು ಅವನ ಕೈಗೆ ಕೊಟ್ಟಳು.

"ಅಣ್ಣ, ನಾನು ಬಾಗ್ಲು ತೆಗಿಯಲ್ಲ ಅಂದಿದ್ನಾ?"

ಹಾಲೇಶಪ್ಪ ಕನ್ನಡಕ ಏರಿಸಿದ. ತನ್ನ ಅಕ್ಷರ ತಾನೇ ಓದಿದ. ಈ ಸಲ ದನಿ ಎತ್ತಲಿಲ್ಲ.

"ನೀನು ಪ್ರತಿ ಸಲ ಹೇಳ್ತಿದ್ದದ್ದು ಎರಡೇ ಸಾಲು ಕಣಮ್ಮ. ಕಾಲೇಜು ಓದೋ ಹುಡ್ಗನಿಗೆ ನೆಗಡಿ ಗಿಗಡಿ ಅಂತ ಬರೆದ್ರೆ ಅಲ್ಲಿ ಯಾರಾರ ನೋಡಿ ನಕ್ಕಾರು ಅನ್ನಿಸ್ತು. ಜಾಗ ಬೇರೆ ಉಳೀತಿತ್ತು. ಒಂದಿಷ್ಟು ತೂಕದ ಮಾತು ಇರ್ಲಿ ಅಂತ ಬರೆದೆ."

"ಆ ತೂಕ ಹೊತ್ತೋನು ಇಲ್ಲಿ ನಿಂತಾನೆ ನೋಡ್ರಿ," ಅಂದಳು ಶಿವಗಂಗಮ್ಮ.

ಹಾಲೇಶಪ್ಪ ಶೌಕತ್‌ನ ಕಡೆ ನೋಡಿದ. ಹುಡುಗನ ಕೆನ್ನೆ ಇಷ್ಟು ಒಳಗೆ ಹೋಗಿದ್ದನ್ನು ಅವನು ಈವರೆಗೆ ನೋಡಿರಲೇ ಇಲ್ಲ. ಅಂಗಡಿಯಲ್ಲೇ ಕೂತು ತೀರ್ಪು ಹೇಳಿದ್ದ. "ನನ್ನ ಮಗ ಮಿಡ್ಲ್ ಸ್ಕೂಲೂ ದಾಟ್ಲಿಲ್ಲ ಕಣಪ್ಪ," ಅಂದ. "ನಿನ್ನ ಕಾರ್ಡು ಓದುವಾಗ ನಂಗೂ ಒಬ್ಬ ಓದೋ ಮಗ ಇದಾನೆ ಅನ್ನಿಸ್ತಿತ್ತು. ಅದಕ್ಕೇ ಹೆಚ್ಚು ಮಾಡಿದೆ." ಕಾರ್ಡನ್ನು ಮೆಹರಾಜಳ ಕೈಗೆ ವಾಪಸು ಕೊಟ್ಟು, "ಆ ಮುಂದಿನ ಸೀಟಿನಾಗೆ ಪೀರಣ್ಣನೂ ಹುಡ್ಗನೂ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಹೋಗ್ಲಿ ಬಿಡ್ರಿ. ಡಾಕ್ಟರಿಗೆ ಚೀಟಿ ನೀವು ಬರೀರಿ ನರ್ಸಮ್ಮ. ನಾನು ಬರೆಯಲ್ಲ," ಅಂದ.

ಎಲ್ಲರಿಗಿಂತ ಮೊದಲು ನಕ್ಕವನು ಗೌಸ್‌ಪೀರ್.

ಸೋಮವಾರ ಅಪ್ಪ ಮಗ ಶಿವಮೊಗ್ಗಕ್ಕೆ ಹೋದರು. ಅಲ್ಲಿನ ಡಾಕ್ಟರು ಗೌಸ್‌ಪೀರ್‌ನನ್ನು ಹೊರಗೆ ಕೂರಿಸಿ ಹುಡುಗನ ಜೊತೆ ಒಂದು ಗಂಟೆ ಮಾತಾಡಿದರು. ನಿದ್ದೆಗೆ ಕೆಲವು ದಿನದ ಔಷಧಿ ಕೊಟ್ಟರು, ಕಾಲೇಜಿಗೆ ತೋರಿಸಲು ಸರ್ಟಿಫಿಕೇಟು ಬರೆದುಕೊಟ್ಟರು. ತಿಂಗಳಿಗೊಮ್ಮೆ ಬಂದು ತೋರಿಸಿ ಅಂದರು. ಆ ಭಯದ ಯೋಚನೆ ಮತ್ತೆ ಬಂದರೆ ಅದೇ ಗಳಿಗೆಗೆ ಯಾರಿಗಾದರೂ ಹೇಳಬೇಕು ಅಂತ ಹುಡುಗನಿಂದ ಮಾತು ತೆಗೆದುಕೊಂಡರು. ಅವನನ್ನು ಒಬ್ಬನನ್ನೇ ಬಿಡಬೇಡಿ ಅಂತ ಅಪ್ಪನಿಗೂ ಹೇಳಿದರು.

ಒಂದೇ ಸಲಕ್ಕೆ ಎಲ್ಲ ಸರಿಹೋಯಿತು ಅಂದರೆ ಸುಳ್ಳಾಗುತ್ತದೆ. ಒಂದು ವಾರ ಚೆನ್ನಾಗಿರುತ್ತಿದ್ದ, ಮತ್ತೆ ಎರಡು ದಿನ ಗೋಡೆಗೆ ತಿರುಗುತ್ತಿದ್ದ. ಮೆಹರಾಜ್ ಆ ಎರಡು ದಿನ ಹೆದರುತ್ತಿದ್ದಳು, ಆದರೂ ಕೆದಕುತ್ತಿರಲಿಲ್ಲ. ಶೌಕತ್ ಅಪ್ಪನ ಜೊತೆ ತ್ಯಾವಣಿಗೆಗೆ ಹೋಗಿ ತಿದಿ ಒತ್ತಿದ. ಏಪ್ರಿಲ್ ಕೊನೆಗೆ ಒಂದು ದಿನ ಸೂರ್ಯ ನೆತ್ತಿಗೆ ಬರುವ ತನಕ ಗಾಢ ನಿದ್ದೆ ಹೋಗಿದ್ದ. ದುರುಗಕ್ಕ ಬಂದು, "ಇದೇನು ಬೂಬಮ್ಮ, ಇನ್ನೂ ಎದ್ದಿಲ್ವಾ ನಿನ್ನ ಕಾಲೇಜು?" ಅಂದಾಗ ಮೆಹರಾಜ್ ಬಾಯಿ ಮೇಲೆ ಬೆರಳಿಟ್ಟು ಅವಳನ್ನು ಓಣಿಯ ತನಕ ತಳ್ಳಿಕೊಂಡು ಹೋಗಿ ಬಿಟ್ಟುಬಂದಳು.

ಜೂನಿನಲ್ಲಿ ಅವನೇ ಹೋಗುತ್ತೇನೆ ಅಂದ. ಕಾಲೇಜಿನ ಮೇಷ್ಟರೊಬ್ಬರು ಸಂಜೆ ಹೊತ್ತು ಕನ್ನಡದಲ್ಲೇ ಪಾಠ ಬಿಡಿಸಿ ಹೇಳುತ್ತೇನೆ ಅಂತ ಬರೆದಿದ್ದರು. ಹೋಗುವ ಮೊದಲು ಮನೆಯಲ್ಲಿ ಒಂದು ನಿಶ್ಚಯವಾಯಿತು. ಇನ್ನು ಮೇಲೆ ಕಾರ್ಡಿಲ್ಲ, ಅಂಟಿಸಿದ ಲಕೋಟೆ. ಅದು ಜಗಲಿಗೆ ಹೋಗುವುದಿಲ್ಲ, ಶಿವಗಂಗಮ್ಮನ ಕೈಗೆ ಹೋಗುತ್ತದೆ. ಮೆಹರಾಜ್ ಹೇಳಿದ್ದನ್ನು ಹೇಳಿದ ಹಾಗೆ ಬರೆಯುವುದು. ಜಾಗ ಉಳಿದರೆ ಉಳಿಯಲಿ.

ಜುಲೈಯಲ್ಲಿ ಬಂದ ಲಕೋಟೆಯನ್ನು ಶಿವಗಂಗಮ್ಮ ಅದೇ ಹಿತ್ತಲಿನ ಕಲ್ಲಿನ ಮೇಲೆ ಕೂತು ಮೆಲ್ಲಗೆ ಓದಿದಳು.

"ಅಮ್ಮೀ, ಈ ವಾರ ಎರಡು ರಾತ್ರಿ ನಿದ್ದೆ ಬರಲಿಲ್ಲ. ಎದೆ ಹೊಡೆದುಕೊಂಡಿತು. ಪಕ್ಕದ ರೂಮಿನ ಜಯದೇವಪ್ಪನನ್ನು ಎಬ್ಬಿಸಿ ಹೇಳಿದೆ. ಅವನು ಜಗಳೂರಿನವನು. ಅವನಿಗೂ ಹೋದ ವರ್ಷ ಹೀಗೇ ಆಗಿತ್ತಂತೆ, ಯಾರಿಗೂ ಹೇಳಿರಲಿಲ್ಲವಂತೆ. ಈಗ ದಿನಾ ಸಂಜೆ ಇಬ್ಬರೂ ನಡೆಯಲು ಹೋಗುತ್ತೇವೆ. ಭೌತಶಾಸ್ತ್ರ ಇನ್ನೂ ಕಷ್ಟವೇ. ಸೆಪ್ಟೆಂಬರಿನಲ್ಲಿ ಅದೊಂದು ಉಳಿದರೂ ಉಳಿಯಬಹುದು. ಉಳಿದರೆ ಮತ್ತೆ ಕಟ್ಟುತ್ತೇನೆ."

ಮೆಹರಾಜ್ ಸೆರಗಿನಿಂದ ಕಣ್ಣೊರೆಸಿಕೊಂಡು, "ಆ ನಿದ್ದೆ ಬರಲಿಲ್ಲ ಅಂದಿದ್ದು ಇನ್ನೊಂದ್ಸಲ ಓದಕ್ಕ," ಅಂದಳು. ಅವಳ ಮುಖ ತುಂಬ ನಗೆಯಿತ್ತು.

ಗೌಸ್‌ಪೀರ್‌ಗೆ ಇದು ಅರ್ಥವಾಗಲಿಲ್ಲ. "ನಿದ್ದೆ ಬರಲ್ಲ, ಪಾಠ ಕಷ್ಟ ಅಂತ ಬರ್ದಾನೆ. ನೀನು ನಗ್ತೀಯಲ್ಲೇ."

"ಬರ್ದಾನಲ್ರೀ," ಅಂದಳು ಮೆಹರಾಜ್.

ಅಕ್ಕ, ಅಣ್ಣಂದಿರೇ, ಇದನ್ನು ಓದುತ್ತಿರುವ ನಿಮ್ಮಲ್ಲೂ ಎಷ್ಟೋ ಜನರ ಮಕ್ಕಳು ಈಗ ದೂರದ ಕಾಲೇಜಿನಲ್ಲಿದ್ದಾರೆ. ಇವತ್ತು ರಾತ್ರಿ ಊಟಕ್ಕೆ ಮೊದಲು ಅವರಿಗೆ ಒಂದು ಫೋನು ಮಾಡಿ. ಸ್ಪೀಕರ್ ಹಾಕಿ ಮನೆಮಂದಿಗೆಲ್ಲ ಕೇಳಿಸಬೇಡಿ, ಅದೂ ಒಂದು ಅಂಗಡಿ ಜಗಲಿಯೇ. ಹೊರಗೆ ಹೋಗಿ ನೀವೊಬ್ಬರೇ ಮಾತಾಡಿ. ಮಾರ್ಕ್ಸ್ ಎಷ್ಟು ಬಂತು ಅಂತ ಆಮೇಲೆ ಕೇಳಿದರಾಯಿತು, ನಿದ್ದೆ ಬರುತ್ತಾ ಅಂತ ಮೊದಲು ಕೇಳಿ. ಹದಿನೈದು ದಿನವಾದರೂ ನಿದ್ದೆ, ಊಟ, ನಗು ಮರಳಿ ಬಾರದಿದ್ದರೆ ಅದು ಸೋಮಾರಿತನವಲ್ಲ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಇಲ್ಲವೇ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಜೀವ ಬೇಡ ಅನ್ನುವ ಮಾತು ಮಗುವಿನ ಬಾಯಲ್ಲಿ ಒಂದು ಸಲ ಬಂದರೂ ಹದಿನೈದು ದಿನ ಕಾಯಬೇಡಿ, ಅವತ್ತೇ ಹೊರಡಿ, ಜೊತೆಯಲ್ಲೇ ಇರಿ.

ಮತ್ತೆ, ಈ ಕಥೆಯನ್ನು ಓದುತ್ತಿರುವ ವಿದ್ಯಾರ್ಥಿಯೇ, ನಿನಗೂ ಒಂದು ಮಾತು. ಕಷ್ಟ ಅಂತ ನೀನು ಹೇಳಿದರೆ ಮನೆಯವರ ಎದೆ ಒಡೆಯುವುದಿಲ್ಲ. ಹೇಳಿದೆಯಲ್ಲ ಅಂತ ಅವರ ಎದೆ ಹಗುರಾಗುತ್ತದೆ. ಇವತ್ತೇ ಹೇಳು.